ಗುತ್ತಿಗೆ ನಿರ್ವಹಣೆ: ವೃತ್ತಿಪರ ಸಮ್ಮೇಳನಗಳಿಗೆ ತೆರಳುವ ವಿದ್ಯಾರ್ಥಿಗಳಿಗೆ ಮಾಹಿತಿ

ವಾಣಿಜ್ಯ, ಕಾನೂನು ಹಾಗೂ ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿಗಳು ಗುತ್ತಿಗೆ ನಿರ್ವಹಣೆಗೆ ಸಂಬಂಧಿಸಿದ ಸಮ್ಮೇಳನಗಳಲ್ಲಿ ಭಾಗವಹಿಸುವುದುಂಟು. ತರಗತಿಯಲ್ಲಿ ಅವರು ಓದಿರುವುದು ಭಾರತೀಯ ಕರಾರು ಅಧಿನಿಯಮ, 1872. ಅಂದರೆ ಪ್ರಸ್ತಾವ, ಅಂಗೀಕಾರ, ಪ್ರತಿಫಲ, ಸ್ವತಂತ್ರ ಸಮ್ಮತಿ. ಸಮ್ಮೇಳನದಲ್ಲಿ ಕೇಳಿಬರುವುದು ಇ.ಎಂ.ಡಿ., ಅಳತೆ ಪುಸ್ತಕ, ಅವಧಿ ವಿಸ್ತರಣೆ, ದಂಡದ ಷರತ್ತು. ತರಗತಿಯ ಪಾಠವು ಸಹಿಯೊಂದಿಗೆ ಮುಗಿದರೆ, ಅಲ್ಲಿನ ಚರ್ಚೆಯು ಸಹಿಯಾದ ಮರುದಿನದಿಂದ ಆರಂಭವಾಗುತ್ತದೆ. ಮೊದಲ ಬಾರಿಗೆ ಹಾಜರಾಗುವ ವಿದ್ಯಾರ್ಥಿಗೆ ಗೊಂದಲವಾಗುವುದು ಇಲ್ಲಿಯೇ.

ಈ ವ್ಯತ್ಯಾಸವನ್ನು ತಿಳಿಯಲು ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮದಲ್ಲಿ ಹಳೆಯದೊಂದು ನಿದರ್ಶನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವಿವಾದವನ್ನು ವಿಜಯನಗರದ ಒಂದನೆಯ ಬುಕ್ಕರಾಯನು 1368ರಲ್ಲಿ ಇತ್ಯರ್ಥಪಡಿಸಿದನು. ಆ ಒಡಂಬಡಿಕೆಯ ಶಾಸನವು ಶ್ರವಣಬೆಳಗೊಳದಲ್ಲಿಯೂ ಕಲ್ಯದಲ್ಲಿಯೂ ದೊರೆತಿದೆ. ಶ್ರವಣಬೆಳಗೊಳದ ಪಾಠದಲ್ಲಿ, ರಾಜನಿಗೆ ದೂರು ಸಲ್ಲಿಸಿದ ಜೈನರ ಸಾಲಿನಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳೊಡನೆ ಕಲ್ಲೆಹದ ಪಟ್ಟಣವೂ ಸೇರಿದೆ. ಅದೇ ಇಂದಿನ ಕಲ್ಯ.

ರಾಜನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಮೊದಲಿನಂತೆಯೇ ಉಳಿಯಿತು. ಶಾಸನವು ಇಷ್ಟಕ್ಕೇ ನಿಂತಿದ್ದರೆ ಅದು ಸದಾಶಯದ ಮಾತಾಗಿ ಉಳಿಯುತ್ತಿತ್ತು. ಜೈನರ ಸಮ್ಮತಿಯಿಂದ ಮನೆಗೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸತಕ್ಕದ್ದು; ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ನೇಮಿಸತಕ್ಕದ್ದು; ಉಳಿದ ಹಣದಲ್ಲಿ ಶಿಥಿಲವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು ಎಂದು ಅದು ವಿಧಿಸುತ್ತದೆ. ಈ ಹೊಣೆ ತಿರುಮಲೆಯ ತಾತಯ್ಯನದು. ಯಾರ ವಿರುದ್ಧ ದೂರು ಬಂದಿತ್ತೋ ಆ ಪಕ್ಷದವರಿಗೇ ರಕ್ಷಣೆಯ ಕೆಲಸ ವಹಿಸಿದ್ದು ಗಮನಾರ್ಹ. ಒಪ್ಪಂದ ಮೀರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೂ ದ್ರೋಹಿ ಎಂಬ ಕಟ್ಟಳೆಯೂ ಇದೆ.

ಇದು ಇಂದಿನ ಕಾನೂನಿನ ಅರ್ಥದಲ್ಲಿ ಗುತ್ತಿಗೆಯಲ್ಲ, ರಾಜಾಜ್ಞೆಯೊಡನೆ ಕೂಡಿದ ಒಡಂಬಡಿಕೆ. ಆದರೂ ಕೆಲಸ ಯಾವುದು, ಹಣ ಎಲ್ಲಿಂದ, ಹೊಣೆ ಯಾರದು, ಉಳಿಕೆ ಹಣ ಯಾವುದಕ್ಕೆ, ತಪ್ಪಿದರೆ ಏನು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದೆ. ಸಮ್ಮೇಳನದಲ್ಲಿ ಯಾವ ಕರಾರನ್ನು ಚರ್ಚೆಗೆ ತಂದರೂ ವಿದ್ಯಾರ್ಥಿಯು ಇವೇ ಪ್ರಶ್ನೆಗಳನ್ನು ಕೇಳಬಹುದು.

ಸರ್ಕಾರಿ ಕಾಮಗಾರಿಗಳ ವಿಷಯದಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮುಖ್ಯವಾಗಿ ಟೆಂಡರ್ ಆಹ್ವಾನ, ಪರಿಶೀಲನೆ ಮತ್ತು ಅಂಗೀಕಾರಗಳನ್ನು ಕುರಿತದ್ದು. ಟೆಂಡರಿನೊಡನೆ ಇಡುವ ಇ.ಎಂ.ಡಿ. ಮೊತ್ತವನ್ನು ಕೆಲಸ ದೊರೆಯದವರಿಗೆ ಹಿಂದಿರುಗಿಸಲಾಗುತ್ತದೆ. ದೊರೆತವರು ಭದ್ರತಾ ಠೇವಣಿ ನೀಡುತ್ತಾರೆ. ಅನಂತರದ ಬಿಲ್ಲುಗಳು ಅಳತೆ ಪುಸ್ತಕದ ನಮೂದನ್ನು ಅವಲಂಬಿಸಿರುತ್ತವೆ. ದೋಷ ಹೊಣೆಗಾರಿಕೆ ಅವಧಿಯಲ್ಲಿ ಕಾಣಿಸಿಕೊಂಡ ದೋಷವನ್ನು ಗುತ್ತಿಗೆದಾರರು ಸ್ವಂತ ವೆಚ್ಚದಲ್ಲಿ ಸರಿಪಡಿಸಬೇಕು. ವಿಳಂಬಕ್ಕೆ ಕರಾರಿನಲ್ಲಿ ಮೊತ್ತ ನಮೂದಾಗಿದ್ದರೂ ಅಷ್ಟೂ ತಾನಾಗಿ ದೊರೆಯುವುದಿಲ್ಲ. 1872ರ ಅಧಿನಿಯಮದ 74ನೇ ಪ್ರಕರಣದಂತೆ, ಆ ಮೊತ್ತವನ್ನು ಮೀರದ ಯುಕ್ತ ಪರಿಹಾರ ಮಾತ್ರ ಸಲ್ಲುತ್ತದೆ.

ಸಮ್ಮೇಳನಕ್ಕೆ ತೆರಳುವ ಮುನ್ನ ಸ್ವಂತ ಊರಿನ ರಸ್ತೆ ಅಥವಾ ಶಾಲಾ ಕೊಠಡಿಯ ಕರಾರನ್ನು ಒಮ್ಮೆ ಓದಿದ್ದರೆ ಅಲ್ಲಿನ ಮಾತು ಬೇಗ ಅರ್ಥವಾಗುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರ 2(ಎಫ್) ಪ್ರಕರಣದಲ್ಲಿ ಕರಾರುಗಳನ್ನೂ ಮಾಹಿತಿಯೆಂದೇ ಪರಿಗಣಿಸಲಾಗಿದೆ. 2(ಜೆ) ಪ್ರಕರಣದಂತೆ ನಾಗರಿಕರು ಕಾಮಗಾರಿಯನ್ನು ಪರಿವೀಕ್ಷಿಸಬಹುದು, ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೋರಬಹುದು. ಈ ಎರಡನೆಯ ಹಕ್ಕು ಅನೇಕರಿಗೆ ತಿಳಿದಂತಿಲ್ಲ. ಅರ್ಜಿಯನ್ನು 10 ರೂಪಾಯಿ ಶುಲ್ಕದೊಡನೆ ಸಂಬಂಧಿಸಿದ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸಲ್ಲಿಸಬೇಕು. ಕಾಮಗಾರಿಯ ಹೆಸರು, ಸ್ಥಳ ಹಾಗೂ ವರ್ಷವನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ. 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ, ಆ ಅವಧಿ ಮುಗಿದ 30 ದಿನಗಳೊಳಗೆ ಅದೇ ಪ್ರಾಧಿಕಾರದ ಪ್ರಥಮ ಮೇಲ್ಮನವಿ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.