ಹೋಂ ರನ್ ನಾಡಿನಲ್ಲಿ ಸಿಂಗಲ್ಸ್ ಸರದಾರ

2001ರಲ್ಲಿ ಅಮೆರಿಕದ ಬೇಸ್‌ಬಾಲ್ ಪ್ರಿಯರಿಗೆ ಹೋಂ ರನ್ ಹುಚ್ಚು ನೆತ್ತಿಗೇರಿತ್ತು. ಸ್ಯಾನ್‌ಫ್ರಾನ್ಸಿಸ್ಕೊ ತಂಡದ ಬ್ಯಾರಿ ಬಾಂಡ್ಸ್ ಆ ಒಂದೇ ಸೀಸನ್ನಿನಲ್ಲಿ ಚೆಂಡನ್ನು 73 ಸಲ ಬೇಲಿಯಾಚೆ ಕಳಿಸಿದರು. ಮೂರು ವರ್ಷದ ಹಿಂದೆ ಮಾರ್ಕ್ ಮೆಗ್ವೈರ್ 70 ಹೊಡೆದಿದ್ದರು. ಆಟವೆಂದರೆ ಭುಜಬಲ, ಭುಜಬಲವೆಂದರೆ ಹೋಂ ರನ್ ಎನ್ನುವ ಕಾಲ ಅದು. ಅದೇ ವರ್ಷ ಸಿಯಾಟಲ್ ಮರಿನರ್ಸ್ ತಂಡಕ್ಕೆ ಜಪಾನಿನಿಂದ 27 ವರ್ಷದ ಸಪೂರ ಮೈಯ ಆಟಗಾರರೊಬ್ಬರು ಬಂದರು. ಇಡೀ ವರ್ಷ ಅವರು ಹೊಡೆದ ಹೋಂ ರನ್ ಎಂಟೇ ಎಂಟು. ಆದರೂ ವರ್ಷದ ಕೊನೆಗೆ ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರಿಗೇ, ಅತ್ಯುತ್ತಮ ಹೊಸಬ ಪ್ರಶಸ್ತಿಯೂ ಅವರಿಗೇ. ಎರಡನ್ನೂ ಒಂದೇ ವರ್ಷ ಬಾಚಿಕೊಂಡವರು ಅದಕ್ಕೆ ಮೊದಲು ಒಬ್ಬರೇ ಇದ್ದರು, 1975ರಲ್ಲಿ ಫ್ರೆಡ್ ಲಿನ್.

ಬಂದವರ ಹೆಸರು ಇಚಿರೊ ಸುಜುಕಿ. ಅಂಗಿಯ ಬೆನ್ನ ಮೇಲೆ ಬರೀ ಇಚಿರೊ, ನಂಬರ್ 51.

ಕ್ರಿಕೆಟ್ಟಿನ ಕಣ್ಣಿನಲ್ಲೇ ಬೇಸ್‌ಬಾಲ್ ನೋಡುವ ನಮ್ಮವರಿಗೆ ಈ ಸಾಧನೆಯ ತೂಕ ತಿಳಿಯಬೇಕಾದರೆ ಒಂದೆರಡು ಮಾತು ಹೇಳಲೇಬೇಕು. ಇಲ್ಲಿ ಚೆಂಡು ಪಿಚ್ ಬೀಳುವುದಿಲ್ಲ. ಅರವತ್ತು ಅಡಿ ದೂರದಿಂದ ಪಿಚರ್ ಎಸೆದದ್ದು ಗಂಟೆಗೆ 140-150 ಕಿಲೋಮೀಟರ್ ವೇಗದಲ್ಲಿ ನೇರ ಮೈಮೇಲೇ ಬಂದಂತೆ ಬರುತ್ತದೆ. ಹೊಡೆಯಬೇಕಾದದ್ದು ಗುಂಡನೆಯ ಕೋಲಿನಿಂದ. ವಿಕೆಟ್ಟಿನ ಹಿಂದಕ್ಕೆ ತಳ್ಳಿ ರನ್ ಕದಿಯುವ ಅವಕಾಶವಿಲ್ಲ, ಮುಂದಿನ ಕಾಲು ಭಾಗ ಮೈದಾನದಲ್ಲೇ ಚೆಂಡು ಬೀಳಬೇಕು. ನೆಲಕ್ಕೆ ಬಿದ್ದ ಚೆಂಡನ್ನು ಫೀಲ್ಡರ್ ಎತ್ತಿ ಎಸೆಯುವುದರೊಳಗೆ ತೊಂಬತ್ತು ಅಡಿ ಓಡಿ ಮೊದಲ ಬೇಸ್ ಮುಟ್ಟಿದರೆ ಒಂದು ಹಿಟ್; ಅಲ್ಲಿಗೇ ನಿಂತರೆ ಅದು ಸಿಂಗಲ್. ಹತ್ತು ಯತ್ನದಲ್ಲಿ ಮೂರು ಹಿಟ್ ಸಿಕ್ಕವನು ದೊಡ್ಡ ಆಟಗಾರ. ವರ್ಷಕ್ಕೆ 200 ಹಿಟ್ ಮಾಡಿದವನ ಹೆಸರು ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತದೆ. ಇಚಿರೊ 2001ರಿಂದ 2010ರವರೆಗೆ ಸತತ ಹತ್ತು ವರ್ಷ 200 ದಾಟಿದರು. ಹಾಗೆ ಮಾಡಿದವರು ಇನ್ನೊಬ್ಬರಿಲ್ಲ.

ಇದರ ಬೇರು ನಗೋಯಾ ನಗರದ ಪಕ್ಕದ ತೊಯೊಯಾಮಾ ಎಂಬ ಊರಲ್ಲಿದೆ. 1973ರಲ್ಲಿ ಹುಟ್ಟಿದ ಹುಡುಗ ಏಳನೇ ವಯಸ್ಸಿಗೆ ಬೇಸ್‌ಬಾಲ್ ಕಲಿಸೆಂದು ಅಪ್ಪನ ದುಂಬಾಲು ಬಿದ್ದ. ಅಪ್ಪ ನೊಬುಯುಕಿ ಕಲಿಸಿದ್ದೇ ಕಲಿಸಿದ್ದು. ಚಳಿ, ಮಳೆ, ಹಬ್ಬ ಏನೂ ಇಲ್ಲ. ದಿನವೂ ಎಸೆತ, ದಿನವೂ ಕ್ಯಾಚ್, ಸಂಜೆಯಾದರೆ ಯಂತ್ರ ಎಸೆಯುವ ಚೆಂಡುಗಳಿಗೆ ಬ್ಯಾಟಿಂಗ್. ಅದು ಹಿಂಸೆಯ ಅಂಚಿನವರೆಗೂ ಹೋಗಿತ್ತು ಎಂಬರ್ಥದ ಮಾತನ್ನು ಮಗನೇ ಮುಂದೆ ಆಡಿದ್ದುಂಟು. ಕ್ರೀಡಾ ತಾರೆಗಳ ಅಪ್ಪಂದಿರ ಕತೆಗಳನ್ನು ನಾವು ಸಾಮಾನ್ಯವಾಗಿ ಭಕ್ತಿಯಿಂದ ಓದಿಬಿಡುತ್ತೇವೆ. ಈ ಮಾತನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು ಮೇಲು. ಅಪ್ಪನ ಒಂದು ಲೆಕ್ಕಾಚಾರವಂತೂ ಫಲಿಸಿತು. ಹುಡುಗ ಬಲಗೈಯವನು, ಆದರೆ ಬ್ಯಾಟಿಂಗ್ ಎಡಗೈಯದು. ಎಡಗೈ ಬ್ಯಾಟರ್ ಮೊದಲ ಬೇಸಿಗೆ ಎರಡು ಹೆಜ್ಜೆ ಹತ್ತಿರ ನಿಂತಿರುತ್ತಾನೆ.

ಹೈಸ್ಕೂಲು ಮುಗಿಸಿದವರನ್ನು 1991ರಲ್ಲಿ ಓರಿಕ್ಸ್ ಬ್ಲೂವೇವ್ ತಂಡ ನಾಲ್ಕನೇ ಸುತ್ತಿನ ಆಯ್ಕೆಯಲ್ಲಿ ಎತ್ತಿಕೊಂಡಿತು. ಅಂದರೆ ಯಾರೂ ಮುಗಿಬಿದ್ದಿರಲಿಲ್ಲ. ಮುಂದಿನ ಕಾಲನ್ನು ಲೋಲಕದ ಹಾಗೆ ತೂಗಿ ಹೊಡೆಯುವ ಶೈಲಿ ಅಲ್ಲಿನ ಮ್ಯಾನೇಜರ್ ಶೋಜೊ ದೋಯಿ ಅವರಿಗೆ ಹಿಡಿಸಲಿಲ್ಲ. ಎರಡು ವರ್ಷ ಹೆಚ್ಚಿನ ಕಾಲ ಕಿರಿಯರ ತಂಡದಲ್ಲೇ ಕಳೆಯಿತು. 1994ರಲ್ಲಿ ಬಂದ ಹೊಸ ಮ್ಯಾನೇಜರ್ ಅಕಿರಾ ಓಗಿ ಆ ಶೈಲಿಯ ತಂಟೆಗೇ ಹೋಗಲಿಲ್ಲ. ಸುಜುಕಿಗಳು ಬೀದಿಗೊಬ್ಬರಿರುವ ದೇಶದಲ್ಲಿ ಈ ಹುಡುಗ ಎದ್ದು ಕಾಣಲಿ ಎಂದು ಅಂಗಿಯ ಮೇಲೆ ಬರೀ ಇಚಿರೊ ಎಂದು ಬರೆಸಿದರು. ಆ ವರ್ಷ 130 ಪಂದ್ಯಗಳಲ್ಲಿ 210 ಹಿಟ್. ಜಪಾನಿನ ವೃತ್ತಿಪರ ಲೀಗಿನಲ್ಲಿ ಯಾರೂ ಅಲ್ಲಿಯವರೆಗೆ 200 ಮುಟ್ಟಿರಲಿಲ್ಲ. ಮುಂದಿನ ಜನವರಿ 17ರಂದು ತಂಡದ ಊರಾದ ಕೋಬೆಯನ್ನು ಭೂಕಂಪ ನುಂಗಿತು, ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೋಬೆಗೆ ಧೈರ್ಯ ಹೇಳುವ ಪಟ್ಟಿಯೊಂದನ್ನು ತೋಳಿಗೆ ಹೊಲಿಸಿಕೊಂಡು ಆಡಿದ ಓರಿಕ್ಸ್ 1995ರಲ್ಲಿ ಲೀಗ್ ಗೆದ್ದಿತು, 1996ರಲ್ಲಿ ಜಪಾನ್ ಸೀರೀಸನ್ನೂ ಗೆದ್ದಿತು. 1994ರಿಂದ 2000ದವರೆಗೆ ಏಳು ವರ್ಷವೂ ಲೀಗಿನ ಬ್ಯಾಟಿಂಗ್ ಕಿರೀಟ ಇಚಿರೊ ತಲೆಯ ಮೇಲೇ ಇತ್ತು.

ಅಷ್ಟಾದರೂ ಅಮೆರಿಕದವರಿಗೆ ನಂಬಿಕೆ ಬರಲಿಲ್ಲ. ಹಿಡೆಯೊ ನೊಮೊ ಅವರಂಥ ಜಪಾನಿ ಪಿಚರ್‌ಗಳು ಅಲ್ಲಿ ಗೆದ್ದು ತೋರಿಸಿದ್ದರು, ನಿಜ. ಆದರೆ ದಿನವೂ ಬ್ಯಾಟ್ ಹಿಡಿದು ನಿಲ್ಲುವವನು? ಆ ವೇಗಕ್ಕೆ ತಡೆದುಕೊಂಡಾನೆ? ಸಿಯಾಟಲ್ ಮಾತ್ರ ಮಾತುಕತೆಯ ಹಕ್ಕಿಗೇ 1.3 ಕೋಟಿ ಡಾಲರ್ ಓರಿಕ್ಸಿಗೆ ಕಟ್ಟಿತು.

ಅನುಮಾನ ಕರಗಿದ ದಿನವನ್ನು ಅಲ್ಲಿನ ಅಭಿಮಾನಿಗಳು ತಾರೀಖು ಸಮೇತ ಹೇಳುತ್ತಾರೆ: 2001ರ ಏಪ್ರಿಲ್ 11, ಓಕ್ಲೆಂಡ್. ವಿಚಿತ್ರವೆಂದರೆ ಆ ದಿನ ನೆನಪಿನಲ್ಲಿ ಉಳಿದದ್ದು ಬ್ಯಾಟಿನಿಂದಲ್ಲ, ಎಸೆತದಿಂದ. ಓಕ್ಲೆಂಡಿನ ಟೆರೆನ್ಸ್ ಲಾಂಗ್ ಮೊದಲ ಬೇಸಿನಲ್ಲಿದ್ದರು. ಜೊತೆಗಾರ ಹೊಡೆದ ಚೆಂಡು ಬಲಬದಿಯ ಬಯಲಿಗೆ ಉರುಳಿತು. ಇಂಥ ಹೊಡೆತಕ್ಕೆ ಮೊದಲನೆಯದರಿಂದ ಮೂರನೇ ಬೇಸಿಗೆ ಓಡಿಬಿಡುವುದು ಮಾಮೂಲು. ಲಾಂಗ್ ವೇಗದ ಕಾಲಿನವರು ಬೇರೆ. ಇಚಿರೊ ಮುಂದಕ್ಕೆ ಓಡಿಬಂದು, ಚೆಂಡೆತ್ತಿ, ಅದೇ ಓಟದಲ್ಲಿ ಎಸೆದರು. ಇನ್ನೂರು ಅಡಿಯ ಆ ಎಸೆತ ಹೆಚ್ಚು ಮೇಲಕ್ಕೇಳಲೂ ಇಲ್ಲ, ಪುಟ ಬೀಳಲೂ ಇಲ್ಲ. ಮೂರನೇ ಬೇಸಿನಲ್ಲಿ ನಿಂತಿದ್ದ ಡೇವಿಡ್ ಬೆಲ್ ಗ್ಲೌಸ್ ಅಲ್ಲಾಡಿಸಬೇಕಾಗಲೂ ಇಲ್ಲ. ಜಾರಿಕೊಂಡು ಬಂದ ಲಾಂಗ್ ತಾವಾಗಿ ಚೆಂಡಿಗೆ ಸಿಕ್ಕಿಬಿದ್ದರು. ಆ ಬಳಿಕ ಓಟಗಾರರು ಇಚಿರೊ ಕೈಗೆ ಚೆಂಡು ಹೋದರೆ ಎರಡು ಸಲ ಯೋಚಿಸುವಂತಾಯಿತು. ಆ ವರ್ಷ ಸಿಯಾಟಲ್ 162ರಲ್ಲಿ 116 ಪಂದ್ಯ ಗೆದ್ದಿತು.

ಬ್ಯಾಟಿಂಗಿಗೆ ನಿಲ್ಲುವಾಗಿನ ಅವರ ಸಿದ್ಧತೆಯೇ ಒಂದು ದೃಶ್ಯ. ಬಲಗೈಯಲ್ಲಿ ಬ್ಯಾಟನ್ನು ಗಿರ್ರನೆ ಸುತ್ತಿಸಿ, ಪಿಚರ್ ಕಡೆಗೆ ನೆಟ್ಟಗೆ ಎತ್ತಿ ಹಿಡಿದು, ಎಡಗೈಯಿಂದ ಬಲಭುಜದ ತೋಳಂಗಿಯನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು. ಪ್ರತಿ ಸಲವೂ ಅದೇ. ಚೆಂಡಿಗೆ ಬ್ಯಾಟ್ ತಾಗುವ ಹೊತ್ತಿಗೆ ಮೈ ಆಗಲೇ ಮೊದಲ ಬೇಸಿನತ್ತ ವಾಲಿರುತ್ತಿತ್ತು. ಹೊಡೆತ ಮುಗಿಸಿ ಓಡುವುದಲ್ಲ, ಓಡುತ್ತ ಹೊಡೆಯುವುದು. ಎರಡನೇ ಬೇಸಿನ ಆಸುಪಾಸಿಗೆ ಕುಪ್ಪಳಿಸಿಕೊಂಡು ಹೋಗುವ ಪುಟಾಣಿ ಚೆಂಡನ್ನೂ ಅವರು ಹಿಟ್ ಮಾಡಿಕೊಂಡದ್ದು ಹೀಗೆ. ಬ್ಯಾಟುಗಳು ಮಿಝುನೊ ಕಂಪನಿಯ ಕುಶಲಕರ್ಮಿ ಇಸೊಕಾಜು ಕುಬೋತ ಕೆತ್ತಿದವು. ಮರ ತೇವ ಹೀರಿ ಭಾರವಾಗದಿರಲೆಂದು ಅವುಗಳಿಗೆ ತೇವ ತಗಲದ ಪ್ರತ್ಯೇಕ ಪೆಟ್ಟಿಗೆಯಿತ್ತು. ಗ್ಲೌಸಿಗೆ ಎಣ್ಣೆ ಹಚ್ಚಿ ಒರೆಸುವ ಕೆಲಸವನ್ನು ಇಚಿರೊ ಯಾರಿಗೂ ಬಿಡುತ್ತಿರಲಿಲ್ಲ.

ಆ ಜಾಣ್ಮೆಗೆ ಪೂರ್ತಿ ಬೆಳೆ ಬಂದದ್ದು 2004ರಲ್ಲಿ. ಒಂದು ಸೀಸನ್ನಿನಲ್ಲಿ ಅತಿ ಹೆಚ್ಚು ಹಿಟ್ ಮಾಡಿದ ದಾಖಲೆ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಜಾರ್ಜ್ ಸಿಸ್ಲರ್ ಹೆಸರಲ್ಲಿತ್ತು: 1920ರಲ್ಲಿ 257. ಎಂಬತ್ತನಾಲ್ಕು ವರ್ಷ ಅದನ್ನು ಯಾರೂ ಅಲುಗಿಸಿರಲಿಲ್ಲ. ಅಕ್ಟೋಬರ್ 1ರ ರಾತ್ರಿ ಟೆಕ್ಸಸ್ ವಿರುದ್ಧ ಮೊದಲ ಸರದಿಯಲ್ಲಿ ಒಂದು ಸಿಂಗಲ್, ಸಮ; ಮೂರನೆಯದರಲ್ಲಿ ಪಿಚರ್ ಪಕ್ಕದಿಂದ ನುಸುಳಿದ ಇನ್ನೊಂದು ಸಿಂಗಲ್, ದಾಖಲೆ. ಜೊತೆಗಾರರೆಲ್ಲ ಮೈದಾನಕ್ಕೆ ನುಗ್ಗಿ ಮುತ್ತಿಕೊಂಡರು. ಇಚಿರೊ ಅವರಿಂದ ಬಿಡಿಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ ಸಿಸ್ಲರ್ ಮನೆಯವರ ಬಳಿ ಹೋಗಿ ಬಾಗಿ ಕೈಕುಲುಕಿದರು; ಸಿಸ್ಲರ್ ಮಗಳು ಆಗ ಎಂಬತ್ತು ದಾಟಿದವರು. ಕೊನೆಗೆ ಲೆಕ್ಕ 262ಕ್ಕೆ ನಿಂತಿತು, ಅದರಲ್ಲಿ 225 ಸಿಂಗಲ್ಸ್. ಸಿಸ್ಲರ್ ಕಾಲದಲ್ಲಿ ಸೀಸನ್ನಿಗೆ 154 ಪಂದ್ಯ, ಈಗ 162 ಎಂದು ತಕರಾರು ತೆಗೆದವರೂ ಇದ್ದರು, ಅದು ನ್ಯಾಯವಾದ ತಕರಾರೇ. ಆದರೆ ಆ ಎಂಟು ಪಂದ್ಯಗಳ ಅನುಕೂಲ 1962ರಿಂದಲೂ ಎಲ್ಲರಿಗೂ ಇತ್ತಲ್ಲ! ಇನ್ನೊಂದು ವಿಪರ್ಯಾಸವೆಂದರೆ ಆ ವರ್ಷ ಸಿಯಾಟಲ್ ಸೋತದ್ದು 99 ಪಂದ್ಯ.

ಇಲ್ಲಿಯೇ ಅವರ ಟೀಕಾಕಾರರ ಮಾತನ್ನೂ ಕೇಳಬೇಕು. ಕೆಟ್ಟ ಎಸೆತಗಳನ್ನು ಬಿಟ್ಟು ಪುಕ್ಕಟೆ ಬೇಸ್ ಪಡೆಯುವ ತಾಳ್ಮೆ ಇಚಿರೊಗೆ ಕಡಿಮೆ, ತಂಡಕ್ಕೆ ಬೇಕಾದ ದೊಡ್ಡ ಹೊಡೆತ ಬರುತ್ತಿರಲಿಲ್ಲ ಎನ್ನುತ್ತಾರೆ ಅಂಕಿಅಂಶದ ಪಂಡಿತರು. ಪೂರ್ತಿ ತಳ್ಳಿಹಾಕುವ ಮಾತಲ್ಲ. ಅಮೆರಿಕದ ಲೀಗುಗಳ ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸ್ ಅಂಗಳಕ್ಕೆ ಅವರು ಕಾಲಿಡಲೇ ಇಲ್ಲ. ಆದರೆ ದೇಶ ದೇಶಗಳ ನಡುವಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ಕನ್ನು ಜಪಾನ್ ಪರ ಎರಡು ಸಲ ಗೆದ್ದರು. 2009ರ ಫೈನಲ್ಲಿನಲ್ಲಿ ಕೊರಿಯಾ ವಿರುದ್ಧ ಹತ್ತನೇ ಸರದಿಯಲ್ಲಿ ಎರಡು ರನ್ ತಂದ ಗೆಲುವಿನ ಹೊಡೆತ ಅವರದೇ. ಅದೂ ಸಿಂಗಲ್ಲೇ.

ಜಪಾನಿನ 1,278, ಅಮೆರಿಕದ 3,089, ಕೂಡಿದರೆ 4,367 ಹಿಟ್. 2016ರ ಜೂನ್ 15ರಂದು ಈ ಕೂಡುಲೆಕ್ಕ ಅಮೆರಿಕದ ದಾಖಲೆಯಾದ ಪೀಟ್ ರೋಸ್ ಅವರ 4,256ನ್ನು ದಾಟಿದಾಗ ಜಗಳವೇ ಎದ್ದಿತು. ಹೀಗೆ ಹೋದರೆ ಇನ್ನು ಹೈಸ್ಕೂಲಿನ ಹಿಟ್‌ಗಳನ್ನೂ ಸೇರಿಸುತ್ತಾರೆ ಎಂದು ರೋಸ್ ಸಿಡುಕಿದರು. ನನ್ನ ಮಟ್ಟಿಗೆ ಈ ಕೂಡಿಕೆ ಬೇಡ. 27 ವರ್ಷಕ್ಕೆ ಬಂದು ಶುರು ಮಾಡಿದವರೊಬ್ಬರು ಅಮೆರಿಕದಲ್ಲೇ 3,000 ದಾಟಿದ್ದಾರೆ. ಆ ಸಂಖ್ಯೆಗೆ ಕೋಬೆಯ ಒತ್ತಾಸೆ ಯಾಕೆ? ಆ 3,089ರಲ್ಲಿ 2,514 ಸಿಂಗಲ್ಸ್. ಮೂರು ಸಾವಿರದ ಗಡಿ ದಾಟಿದ್ದು ಮಾತ್ರ ಡೆನ್ವರ್‌ನಲ್ಲಿ, ಮೂರನೇ ಬೇಸಿನವರೆಗೆ ಓಡಿದ ಹೊಡೆತದಿಂದ. ಆಗ ವಯಸ್ಸು 42.

2019ರ ಮಾರ್ಚ್ 21ರಂದು ಟೋಕಿಯೊ ಡೋಮ್‌ನಲ್ಲಿ ಕೊನೆಯ ಪಂದ್ಯ ಆಡಿದರು, ಹಿಟ್ ಸಿಗಲಿಲ್ಲ. ಜಪಾನ್ ಸರ್ಕಾರ ಕೊಡಬಯಸಿದ ಪೀಪಲ್ಸ್ ಆನರ್ ಪ್ರಶಸ್ತಿಯನ್ನು ಮತ್ತೊಮ್ಮೆ ಬೇಡವೆಂದರು. 2001ರಲ್ಲಿ, 2004ರಲ್ಲಿ ಆಗಲೇ ಬೇಡವೆಂದಿದ್ದರು. ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ವಿಷಯ ಬೇರೆ, ಅಲ್ಲಿಗೆ ಅವರು ಆಡುವ ದಿನಗಳಿಂದಲೂ ಮತ್ತೆ ಮತ್ತೆ ಹೋಗಿ ಹಳೆಯ ಬ್ಯಾಟುಗಳನ್ನು ನೋಡಿ ಬರುತ್ತಿದ್ದರು. 2025ರ ಜನವರಿಯಲ್ಲಿ ಪತ್ರಕರ್ತರು ಮತ ಹಾಕಿದಾಗ 394ರಲ್ಲಿ 393 ಬಿದ್ದವು. ಅಲ್ಲಿ ಸ್ಥಾನ ಪಡೆದ ಮೊದಲ ಏಷ್ಯನ್ ಆಟಗಾರ ಅವರೇ.

ಅಮೆರಿಕದಲ್ಲಿದ್ದ ಅಷ್ಟೂ ವರ್ಷ ಪತ್ರಕರ್ತರೊಡನೆ ದುಭಾಷಿಯ ಮೂಲಕವೇ ಮಾತಾಡುತ್ತಿದ್ದವರು ಜುಲೈ 27ರ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಇಂಗ್ಲಿಷಿನಲ್ಲಿ ನಿಂತು ಭಾಷಣ ಮಾಡಿದರು. ಮತ ಹಾಕದ ಆ ಒಬ್ಬರನ್ನು ಮನೆಗೆ ಊಟಕ್ಕೆ ಕರೆದಿದ್ದೆ, ಆ ಆಹ್ವಾನದ ಅವಧಿ ಈಗ ಮುಗಿದಿದೆ ಎಂದು ನಗಿಸಿದರು. ಕೊನೆಗಾಲದಲ್ಲಿ ಮೂರು ವರ್ಷ ತಮ್ಮನ್ನು ಆಡಿಸಿಕೊಂಡ ಮಯಾಮಿ ತಂಡದ ಅಧಿಕಾರಿಗಳು ಎದುರಿಗೇ ಕುಳಿತಿದ್ದರು. ಬಂದದ್ದಕ್ಕೆ ಅವರಿಗೆ ಧನ್ಯವಾದ ಹೇಳಿ, 2015ರಲ್ಲಿ ನೀವು ಆಡಲು ಕರೆದಾಗ, ನಿಜ ಹೇಳಬೇಕೆಂದರೆ, ನಿಮ್ಮ ತಂಡದ ಹೆಸರನ್ನೇ ನಾನು ಕೇಳಿರಲಿಲ್ಲ ಎಂದರು.