ದಾದಿಯೂ ಮಿದುಳಿನ ರೋಗಿಯೂ

ಕೃಷ್ಣೆಯ ದಂಡೆಯ ಜುಗೂಳದಂಥ ಗಡಿಯೂರುಗಳಲ್ಲಿ ಬೇನೆ ಬಲಿತರೆ ಮಿರಜದ ಹಾದಿ ಹಿಡಿಯುವುದು ಹಳೆಯ ವಾಡಿಕೆ. ಡಾಕ್ಟರ್ ವಾನ್‌ಲೆಸ್ ಅಲ್ಲಿ ಆಸ್ಪತ್ರೆ ತೆರೆದದ್ದು 1894ರಲ್ಲಿ. ಮಿದುಳಿನಲ್ಲಿ ಗಡ್ಡೆಯೆಂದು ತಿಳಿದಾಗ ಮಾತ್ರ ಕೆಲವರು ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರುತ್ತಾರೆ. 1974ರಲ್ಲಿ ರೂಪುಗೊಂಡ ಈ ಸಂಸ್ಥೆಯಲ್ಲಿ ಮನಸ್ಸಿನ ವೈದ್ಯವೂ ನರಗಳ ವೈದ್ಯವೂ ಒಂದೇ ಆವರಣದಲ್ಲಿವೆ. ಈ ರೋಗಕ್ಕೆ ಎರಡೂ ಬೇಕು.

ಕಾಲಿಗೆ ರೋಗ ಬಂದರೆ ಮನುಷ್ಯ ಅದನ್ನು ತಾನು ಬೇರೆಯಾಗಿ ನಿಂತು ನೋಡಬಲ್ಲ. ಮಿದುಳಿಗೆ ಬಂದರೆ ನೋಡುವವನೇ ರೋಗಗ್ರಸ್ತ. ಹಣೆಯ ಹಿಂಭಾಗದಲ್ಲಿ ಗಡ್ಡೆ ಬೆಳೆದಾಗ ಸೌಮ್ಯನಾದ ಯಜಮಾನ ಸಿಡುಕನಾಗಬಹುದು. ಇಲ್ಲವೆ ಯಾವುದೂ ಬೇಡವೆಂದು ಕಲ್ಲಿನಂತೆ ಕುಳಿತುಬಿಡಬಹುದು. ಎಡಮಗ್ಗುಲಲ್ಲಾದರೆ ಹೆಂಡತಿಯ ಹೆಸರೇ ನಾಲಗೆಗೆ ಬಾರದೆ ಹೋದೀತು. ಮನೆಯವರು ಸೊಕ್ಕೆನ್ನುತ್ತಾರೆ, ಗಾಳಿಯ ಸೋಂಕೆನ್ನುತ್ತಾರೆ. ಈ ಸಿಟ್ಟು ನಿನ್ನ ಗಂಡನದಲ್ಲ ತಾಯೀ, ಗಡ್ಡೆಯದು ಎಂದು ತಿಳಿಯಹೇಳುವ ದಾದಿ ಒಂದು ಸಂಸಾರವನ್ನೇ ಉಳಿಸಬಲ್ಲಳು.

ವೈದ್ಯರು ಬಂದು ಹೋಗುತ್ತಾರೆ, ದಾದಿ ಇರುತ್ತಾಳೆ. ಮಿದುಳಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಔಷಧವೇ ನಿದ್ದೆಯನ್ನು ಕೆಡಿಸಿ ಮನಸ್ಸನ್ನು ಕೆರಳಿಸುವುದುಂಟು. “ನಾ ಉಳೀತೇನೇನ್ರಿ, ಸಿಸ್ಟರ?” ಎಂಬ ಪ್ರಶ್ನೆ ಏಳುವುದು ಅಂಥ ನಡುರಾತ್ರಿಯಲ್ಲಿ. ಏನೂ ಆಗುವುದಿಲ್ಲವೆಂದುಬಿಡುವುದು ಸುಲಭ. ನುರಿತ ದಾದಿ ಹಾಗೆನ್ನಳು. ಬಳಿಯಲ್ಲಿ ಕುಳಿತು, ಯಾವುದರ ಅಂಜಿಕೆಯೆಂದು ಕೇಳುತ್ತಾಳೆ. ಅಂಜಿಕೆ ಯಾವಾಗಲೂ ಸಾವಿನದೇ ಆಗಿರುವುದಿಲ್ಲ. ಹೊಲದ ಸಾಲದ್ದಿರಬಹುದು, ಹತ್ತು ಜನರೆದುರು ಮೂರ್ಛೆ ಬಂದೀತೆಂಬುದಿರಬಹುದು. ತಲೆ ಬೋಳಿಸುವುದೆಂದರೆ ನಮ್ಮ ಹೆಂಗಸರಿಗೆ ಅಮಂಗಲದ ನೆನಪು. ಕತ್ತರಿ ಹಿಡಿದು ಬರುವ ಮೊದಲೇ ಅದನ್ನು ಮೆಲ್ಲಗೆ ಹೇಳಿ, ಮರೆಯಲ್ಲಿ ನಡೆಸಬೇಕು. ಗಡ್ಡೆಗಳೆಲ್ಲ ಅರ್ಬುದವಲ್ಲ ಎಂಬುದೂ ನಿಜವಾದ ಧೈರ್ಯವೇ. ಆದರೆ ವೈದ್ಯರ ಪರೀಕ್ಷೆ ಮುಗಿಯುವ ಮುನ್ನ ಅದನ್ನು ಮಾತು ಕೊಟ್ಟಂತೆ ಹೇಳಲಾಗದು.

ಮಾತು ನಿಂತವನಿಗೆ ನೀರು, ನೋವು, ಮನೆಯವರು ಎಂಬ ಚಿತ್ರಗಳ ಹಲಗೆ ನೆರವಾಗುತ್ತದೆ. ಅವನು ಬೆರಳಿಡುವವರೆಗೆ ಕಾಯುವ ತಾಳ್ಮೆ ಮಾತ್ರ ಹಲಗೆಯಲ್ಲಿ ಬರೆದಿರುವುದಿಲ್ಲ.

ಊರಿಗೆ ಮರಳುವ ದಿನ ಹೆಂಡತಿಗೆ ಇನ್ನೊಂದು ಪಾಠ. ಮೂರ್ಛೆ ಬಂದರೆ ಮಗ್ಗುಲಿಗೆ ಹೊರಳಿಸಬೇಕು, ಬಾಯಲ್ಲಿ ಏನನ್ನೂ ಇಡಬಾರದು, ಕೈಗೆ ಕಬ್ಬಿಣ ಕೊಡಬೇಕಾಗಿಲ್ಲ. ಐದು ನಿಮಿಷ ಮೀರಿದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಆಕೆ ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿದ ಮೇಲೆಯೇ ದಾದಿ ಔಷಧದ ಚೀಟಿಯನ್ನು ಅವಳ ಕೈಗೆ ಕೊಡುತ್ತಾಳೆ.