ವಿಶ್ವವಿದ್ಯಾಲಯವೂ ಒಂದು ಕೆಲಸದ ಸ್ಥಳ

ವಿಶ್ವವಿದ್ಯಾಲಯವೆಂದರೆ ಪಾಠಪ್ರವಚನಗಳ ತಾಣವೆಂಬ ಭಾವನೆ ಜನಮನದಲ್ಲಿ ಬೇರೂರಿದ್ದರೂ, ಅದರ ಆವರಣದಲ್ಲಿ ರಾಸಾಯನಿಕಗಳ ದಾಸ್ತಾನು, ಅಧಿಕ ಒತ್ತಡದ ಅನಿಲ ಸಿಲಿಂಡರುಗಳು, ಲೇತ್ ಯಂತ್ರಗಳ ವರ್ಕ್‌ಷಾಪು, ಹಾಸ್ಟೆಲಿನ ಅಡುಗೆಮನೆ, ಡೀಸೆಲ್ ಜನರೇಟರು ಎಲ್ಲವೂ ಇರುತ್ತವೆ. ಅಲ್ಲಿ ಕೆಲಸ ಮಾಡುವವರು ಮಾತ್ರ ಒಂದೇ ಬಗೆಯವರಲ್ಲ. ಒಂದೇ ಪ್ರಯೋಗಾಲಯದೊಳಗೆ ಕಾಯಂ ಪ್ರಾಧ್ಯಾಪಕ, ತಾತ್ಕಾಲಿಕ ಸಹಾಯಕ, ಫೆಲೋಶಿಪ್ ಪಡೆಯುವ ಸಂಶೋಧನಾ ವಿದ್ಯಾರ್ಥಿ, ಗುತ್ತಿಗೆದಾರನ ಮೂಲಕ ಬಂದ ಸ್ವಚ್ಛತಾ ಕಾರ್ಮಿಕ ಹೀಗೆ ಹಲವರು ಒಂದೇ ಅಪಾಯದ ನಡುವೆ ದುಡಿಯುತ್ತಿದ್ದರೂ, ಅವರಿಗೆ ದೊರೆಯುವ ತರಬೇತಿ ಮತ್ತು ಕಾನೂನಿನ ರಕ್ಷಣೆ ಒಂದೇ ಅಲ್ಲ. ಭಾರತದಲ್ಲಿ ದುಡಿಯುವವರ ಸುರಕ್ಷತೆಗೆ ದಶಕಗಳ ಕಾಲ ಆಧಾರವಾಗಿದ್ದ 1948ರ ಕಾರ್ಖಾನೆಗಳ ಕಾಯ್ದೆ ತಯಾರಿಕಾ ಘಟಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದಾದ್ದರಿಂದ, ಬೋಧನೆ ಮತ್ತು ಸಂಶೋಧನೆಯ ಪ್ರಯೋಗಾಲಯಗಳು ಬಹುಮಟ್ಟಿಗೆ ಅದರ ಕಣ್ಗಾವಲಿನಿಂದ ಹೊರಗುಳಿದವು.

ಈ ತಾರತಮ್ಯದ ಪರಿಣಾಮವನ್ನು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ದುರಂತ ಸ್ಪಷ್ಟವಾಗಿ ತೋರಿಸಿತು. 2008ರ ಡಿಸೆಂಬರ್ 29ರಂದು ಅಲ್ಲಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬರು, ಗಾಳಿ ಸೋಕಿದೊಡನೆ ತಾನಾಗಿ ಹೊತ್ತಿಕೊಳ್ಳುವ ಟರ್ಷಿಯರಿ ಬ್ಯುಟೈಲ್ ಲಿಥಿಯಂ ದ್ರಾವಣವನ್ನು ಪ್ಲಾಸ್ಟಿಕ್ ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದಾಗ ಸಿರಿಂಜಿನ ಪ್ಲಂಜರ್ ಕಳಚಿ ಬಂದು ದ್ರಾವಣ ಚೆಲ್ಲಿತು. ಅವರು ಲ್ಯಾಬ್ ಕೋಟ್ ತೊಟ್ಟಿರಲಿಲ್ಲ. ಮೈಮೇಲಿದ್ದ ಕೃತಕ ನೂಲಿನ ಸ್ವೆಟರಿಗೆ ಬೆಂಕಿ ಹತ್ತಿ, ತೀವ್ರ ಸುಟ್ಟಗಾಯಗಳಿಂದ 18 ದಿನಗಳ ಬಳಿಕ ಅವರು ಮೃತಪಟ್ಟರು. 2011ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಹಾಗೂ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಪ್ರಾಧ್ಯಾಪಕರ ಮೇಲೆ ಕ್ರಿಮಿನಲ್ ಆರೋಪ ದಾಖಲಾಗಿ, ಮುಂದೆ ಎರಡೂ ಪ್ರಕರಣಗಳು ಸುರಕ್ಷತಾ ಸುಧಾರಣೆ, ಸಮುದಾಯ ಸೇವೆಯಂಥ ಷರತ್ತುಗಳ ಒಪ್ಪಂದದಲ್ಲಿ ಮುಗಿದವು. ಮೃತರು ಸಂಬಳ ಪಡೆಯುವ ನೌಕರರಾಗಿದ್ದರಿಂದ ಕಾರ್ಮಿಕ ಸುರಕ್ಷತಾ ಕಾನೂನು ಅವರಿಗೆ ಅನ್ವಯವಾಯಿತು. ಅದೇ ಮೇಜಿನ ಬಳಿ ಅದೇ ಪ್ರಯೋಗ ಮಾಡುವ ವಿದ್ಯಾರ್ಥಿಯೊಬ್ಬರು ಸತ್ತಿದ್ದರೆ ಆ ಕಾನೂನಿಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ.

ಎಚ್ಚರಿಕೆಯಿಂದ ಕೆಲಸ ಮಾಡಿದರೆ ಸಾಕು ಎಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ವಿಷಕಾರಿ ಲೋಹಗಳ ತಜ್ಞೆಯಾಗಿದ್ದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ 1996ರ ಆಗಸ್ಟಿನಲ್ಲಿ, ವಿಷಗಾಳಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ, ಕೈಗವಸು ತೊಟ್ಟೇ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತವನ್ನು ಬಳಸುತ್ತಿದ್ದಾಗ ಕೆಲವು ಹನಿಗಳು ಲೇಟೆಕ್ಸ್ ಕೈಗವಸಿನ ಮೇಲೆ ಬಿದ್ದವು. ತಿಂಗಳುಗಳ ನಂತರ ನಡಿಗೆಯ ಸಮತೋಲನ ತಪ್ಪಿ, ಮಾತು ತೊದಲತೊಡಗಿ, 1997ರ ಜೂನ್ 8ರಂದು ಅವರು ತೀರಿಕೊಂಡರು. ಆ ಸಂಯುಕ್ತ ಅಂಥ ಕೈಗವಸನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆಂಬುದು ಅನಂತರದ ಪರೀಕ್ಷೆಗಳಿಂದ ಗೊತ್ತಾಯಿತು. ಸುರಕ್ಷತಾ ಶಾಸ್ತ್ರದಲ್ಲಿ ನಿಯಂತ್ರಣ ಕ್ರಮಗಳ ಶ್ರೇಣಿ ಎಂದು ಹೆಸರಾದ ವಿಧಾನದ ಅಗತ್ಯ ಇಲ್ಲಿ ಮನವರಿಕೆಯಾಗುತ್ತದೆ. ಅದರ ಪ್ರಕಾರ ಮೊದಲು ಅಪಾಯಕಾರಿ ವಸ್ತುವನ್ನೇ ಕೈಬಿಡಬೇಕು, ಆಗದಿದ್ದರೆ ಕಡಿಮೆ ಅಪಾಯದ್ದನ್ನು ಬಳಸಬೇಕು, ಅದೂ ಆಗದಿದ್ದರೆ ಫ್ಯೂಮ್ ಹುಡ್‌ನಂಥ ಯಾಂತ್ರಿಕ ವ್ಯವಸ್ಥೆ, ಆಮೇಲೆ ಲಿಖಿತ ನಿಯಮ ಮತ್ತು ತರಬೇತಿ. ಕೈಗವಸು, ಕನ್ನಡಕ, ಕೋಟುಗಳು ಕಟ್ಟಕಡೆಯ ರಕ್ಷಣೆ. ಈ ದುರಂತದ ಬಳಿಕ ಆ ಸಂಯುಕ್ತದ ಬದಲಿಗೆ ಕಡಿಮೆ ಅಪಾಯದ ವಸ್ತುಗಳನ್ನು ಬಳಸುವಂತೆ ಅಮೆರಿಕದ ಸುರಕ್ಷತಾ ಅಧಿಕಾರಿಗಳು ಸೂಚಿಸಿದ್ದು ಇದೇ ಶ್ರೇಣಿಯ ಮೇಲ್ಮೆಟ್ಟಿಲಿಗೆ ಮರಳಿದಂತೆ.

ಭಾರತಕ್ಕೂ ಇಂಥ ಪಾಠಗಳು ಹೊಸವಲ್ಲ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಏರೋಸ್ಪೇಸ್ ವಿಭಾಗದ ಪ್ರಯೋಗಾಲಯದಲ್ಲಿ ನಡೆದ ಸ್ಫೋಟದಲ್ಲಿ ಒಬ್ಬ ಸಂಶೋಧಕರು ಮೃತಪಟ್ಟು ಮೂವರು ಗಾಯಗೊಂಡರು. ಅವರು ಆವರಣದಲ್ಲೇ ಕೆಲಸ ಮಾಡುತ್ತಿದ್ದ ನವೋದ್ಯಮವೊಂದಕ್ಕೆ ಸೇರಿದವರಾಗಿದ್ದರು. ಅದಕ್ಕೂ ಮೊದಲು, 2010ರಲ್ಲಿ, ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಬಹುಕಾಲದಿಂದ ಬಳಸದೆ ಬಿಟ್ಟಿದ್ದ ಗಾಮಾ ವಿಕಿರಣ ಯಂತ್ರವನ್ನು ಹಳೆಯ ಸಾಮಾನಿನೊಂದಿಗೆ ಹರಾಜು ಹಾಕಿತು. ಅದರೊಳಗೆ ವಿಕಿರಣ ಸೂಸುವ ಕೋಬಾಲ್ಟ್-60 ಉಳಿದಿತ್ತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದವರಿಗೆ ಒಳಗೇನಿದೆ ಎಂಬುದರ ಸುಳಿವೂ ಇರಲಿಲ್ಲ. ಹಲವರು ಆಸ್ಪತ್ರೆ ಸೇರಿ, ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡರು. ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ಹತ್ತದ ಬಡ ಕೂಲಿಗಾರನೊಬ್ಬ ಅದರ ಅಲಕ್ಷ್ಯಕ್ಕೆ ಬಲಿಯಾದದ್ದು ಅತ್ಯಂತ ನೋವಿನ ಸಂಗತಿ.

ಮಾಡಬೇಕಾದ ಕೆಲಸಗಳು ಸರಳವಾಗಿಯೇ ಇವೆ: ಪ್ರತಿ ರಾಸಾಯನಿಕಕ್ಕೂ ಅದರ ಅಪಾಯ ಹಾಗೂ ಪ್ರಥಮ ಚಿಕಿತ್ಸೆಯನ್ನು ವಿವರಿಸುವ ಸುರಕ್ಷತಾ ಮಾಹಿತಿ ಪತ್ರ ಕೈಗೆಟುಕುವಲ್ಲಿರಬೇಕು, ಸಿಲಿಂಡರುಗಳನ್ನು ಸರಪಳಿಯಿಂದ ಗೋಡೆಗೆ ಬಿಗಿದಿರಬೇಕು, ಯಾರೂ ರಾತ್ರಿ ಒಬ್ಬಂಟಿಯಾಗಿ ಅಪಾಯದ ಪ್ರಯೋಗ ನಡೆಸಬಾರದು, ಹಳೆಯ ಉಪಕರಣ ಹೊರಹೋಗುವ ಮುನ್ನ ಬಲ್ಲವರು ಪರೀಕ್ಷಿಸಬೇಕು, ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನೂ ಶಿಕ್ಷೆಯ ಭಯವಿಲ್ಲದೆ ವರದಿ ಮಾಡುವ ವಾತಾವರಣವಿರಬೇಕು. ಇವೆಲ್ಲವೂ ಅಟೆಂಡರಿಗೂ ಕಸ ಗುಡಿಸುವವರಿಗೂ ಅವರಿಗೆ ತಿಳಿಯುವ ಕನ್ನಡದಲ್ಲೇ ತಲುಪಬೇಕು. ಯಾರ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ ಎಂದು ನೋಡದೆ, ಆವರಣದೊಳಗೆ ದುಡಿಯುವ ಪ್ರತಿಯೊಬ್ಬರ ಜೀವಕ್ಕೂ ಕುಲಪತಿಯಿಂದ ಹಿಡಿದು ವಿಭಾಗದ ಮುಖ್ಯಸ್ಥರವರೆಗೆ ಎಲ್ಲರೂ ಹೊಣೆ ಹೊರುವಂತೆ ನಮ್ಮ ವಿಶ್ವವಿದ್ಯಾಲಯಗಳು ಲಿಖಿತ ನಿಯಮ ರೂಪಿಸಲಿ.